ತೊಳೆದಿಟ್ಟ ಅಂಕಿಗಳು

"ಯಾರು ಮುಟ್ಟು ಅಂದಿದ್ರು ನಿನಗೆ? ಹೇಳು, ಯಾರು ಅಂದಿದ್ರು?"

"ಯಾರೂ ಅನ್ನಲಿಲ್ಲ. ತಟ್ಟೆ ನನ್ನದು. ನನ್ನ ಅಡುಗೆಮನೆ ತಟ್ಟೇಲಿ ಗ್ರೀಸು ಕಂಡ್ರೆ ತೊಳೀತೀನಿ. ನಲವತ್ತು ವರ್ಷದಿಂದ ಅದನ್ನೇ ತಾನೆ ಮಾಡ್ಕೊಂಡು ಬಂದಿರೋದು."

"ತಟ್ಟೆ ತೊಳಿ. ತಟ್ಟೇಲಿದ್ದಿದ್ದನ್ನ ಯಾಕೆ ತೊಳೆದೆ?"

"ಕೊಳಕಾಗಿತ್ತು, ಅದಕ್ಕೆ."

ಮೇಸ್ತ್ರಿ ಅಂಗೈಯಿಂದ ಮೇಜಿಗೆ ಹೊಡೆದ. ಸ್ಕ್ರೂಗಳ ಡಬ್ಬಿ ಎಗರಿ ಬಿತ್ತು. ಬಿಳಿ ಟವೆಲ್ಲಿನ ಮೇಲೆ ಕೂತಿದ್ದ ಐದು ಕರಿ ಚಕ್ರಗಳು ಮಾತ್ರ ಕದಲಲಿಲ್ಲ. ಒಂದೊಂದೂ ಕೋಟಿನ ಗುಂಡಿಯಷ್ಟು ಅಗಲ, ಅದಕ್ಕಿಂತ ತುಸು ದಪ್ಪ. ಸುತ್ತಲೂ ಸೊನ್ನೆಯಿಂದ ಒಂಬತ್ತರವರೆಗೆ ಬಿಳಿ ಅಂಕಿಗಳು. ಹೆಂಡತಿ ಅವನ್ನು ಸಣ್ಣ ಸರಳಿನಿಂದ ಒಂದೊಂದಾಗಿ ಬಿಡಿಸಿ, ಬಿಸಿನೀರಿಗೆ ಸೋಪು ಕದಡಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ, ಮತ್ತೆ ಸರಳಿಗೆ ಪೋಣಿಸಿ ತಂದಿಟ್ಟಿದ್ದಳು. ನೋಡಲು ಚೆನ್ನಾಗಿರಲಿ ಎಂದು ಐದರಲ್ಲೂ ಸೊನ್ನೆಯನ್ನೇ ಮುಂದಕ್ಕೆ ತಿರುಗಿಸಿದ್ದಳು.

ಬೀದಿಯವರು ಅವಳನ್ನು ಸೋಪಮ್ಮ ಎಂದು ಕರೆಯುವುದು ಸುಮ್ಮನೆ ಅಲ್ಲ. ಬಾಗಿಲ ಚಿಲಕವನ್ನೂ ವಾರಕ್ಕೊಮ್ಮೆ ತೊಳೆಯುವ ಹೆಂಗಸು ಅವಳು.

"ಇದು ನರ್ಸಮ್ಮನ ಕಾರಿನ ಕಿಲೋಮೀಟರು ಕಣೇ. ಆಯಮ್ಮ ನನಗೆ ಹೇಳಿದ್ದು ಒಂದೇ ಒಂದು ಮಾತು. ಎಲ್ಲಾ ಮೀಟರೂ ಬಿಚ್ಚಿ, ಎಲ್ಲಾ ಹೊಳೆಯೋ ಹಾಗೆ ಮಾಡಿ, ಆ ನಂಬರ್ ಮಾತ್ರ ಹಾಗೇ ಇರ್ಲಿ, ಅಲ್ಲಿಂದಾನೇ ಮುಂದೆ ಓಡ್ಲಿ ಅಂದ್ರು. ಗಂಡ ತೀರಿಕೊಂಡ ಮೇಲೆ ಕಾರು ಓಡಿಸೇ ಇಲ್ಲ. ಅಷ್ಟು ದೂರ ಗಂಡ ಹೆಂಡತಿ ಜೊತೇಲಿ ಹೋಗಿದಾರಂತೆ. ಅದನ್ನ ನೀನು ಸೋಪು ಹಾಕಿ ತೊಳೆದಿಟ್ಟಿದೀಯ."

ತಾನು ಮಾಡಿದ್ದೇನೆಂದು ಸೋಪಮ್ಮನಿಗೆ ಈಗ ತಿಳಿಯಿತು. ಆದರೂ ಬಾಯಿ ಬಿಡಬೇಕಲ್ಲ. "ಅದಕ್ಕೇನು ಈಗ? ಎಷ್ಟಿತ್ತು ಹೇಳಿ, ಹಾಗೇ ತಿರುಗಿಸಿ ಇಡ್ತೀನಿ."

ಮೇಸ್ತ್ರಿ ಕಣ್ಣು ಮುಚ್ಚಿದ. ಅವನು ಯಾವತ್ತೂ ಯಾವುದನ್ನೂ ಬರೆದಿಟ್ಟವನಲ್ಲ. ನೂರು ತಂತಿಯ ಡ್ಯಾಶ್‌ಬೋರ್ಡನ್ನು ಬಿಚ್ಚಿ ಗುಡ್ಡೆ ಹಾಕಿ, ತಿಂಗಳು ಬಿಟ್ಟು ಬಂದರೂ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತರೆ ಸಾಕು, ಎಲ್ಲ ಅವನ ಮುಂದೆ ಬಂದು ನಿಲ್ಲುತ್ತಿತ್ತು. ಅದನ್ನು ನೋಡಲೆಂದೇ ಪಕ್ಕದ ಶೆಡ್ಡಿನವರು ಬರುತ್ತಿದ್ದರು. ಸೋಪಮ್ಮ ಕಾದಳು. ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆಗಳು ಆಚೆ ಈಚೆ ಓಡಾಡುವುದು ಕಾಣುತ್ತಿತ್ತು. ಕಣ್ಣು ಬಿಟ್ಟಾಗ ಆ ಮುಖ ಅವಳಿಗೆ ಗುರುತೇ ಸಿಗಲಿಲ್ಲ.

"ಬರ್ತಾ ಇಲ್ಲ," ಅಂದ.

ಅಷ್ಟರಲ್ಲಿ ಮಗ ಕಾರಿನಡಿಯಿಂದ ಹೊರಗೆ ಜಾರಿಕೊಂಡು ಬಂದ. ಶೆಡ್ಡು ಈಗ ಅವನದೇ ಉಸ್ತುವಾರಿ. ಇಂಜಿನ್ನು, ಬ್ರೇಕು, ಬಣ್ಣ ಎಲ್ಲ ಅವನದು. ಮೂಲೆಯ ಈ ಮೀಟರು ಮೇಜೊಂದೇ ಅಪ್ಪನದು.

"ನಾನು ಫೋಟೊ ಹೊಡೆದಿದ್ದೆ," ಎಂದು ಫೋನು ತೆಗೆದ. ಫೋಟೊದಲ್ಲಿ ಮೀಟರಿನ ಗಾಜಿಗೆ ಒಳಗಿನಿಂದ ಕಂದು ಪೊರೆ ಕಟ್ಟಿತ್ತು. ಅಂಕಿ ಇರಬೇಕಾದ ಜಾಗದಲ್ಲಿ ಚಹಾ ಚೆಲ್ಲಿದಂಥ ಒಂದು ಕಲೆ. ಗಾಜು ತೆಗೆದ ಮೇಲೆ ಆ ಅಂಕಿಯನ್ನು ಕಂಡ ಕಣ್ಣು ಎರಡೇ, ಮೇಸ್ತ್ರಿಯವು.

"ನರ್ಸಮ್ಮನ್ನೇ ಕೇಳಿದ್ರೆ?" ಎಂದಳು ಸೋಪಮ್ಮ.

"ಅವರಿಗೆ ನೆನಪಿಲ್ಲ. ಅಲ್ಲೇ ಇರತ್ತಲ್ಲ, ಬರೆದಿಟ್ಟುಕೊಳ್ಳೋದು ಯಾಕೆ ಅಂತ ನನ್ನ ಹತ್ರಾನೇ ನಕ್ಕಿದ್ರು," ಎಂದ ಮೇಸ್ತ್ರಿ.

ಮಗ ಕೈ ಒರೆಸಿಕೊಂಡ. "ಅಪ್ಪಾ, ಬೇಜಾರಾಗಬೇಡ. ಕೈ ನಡುಗೋದು ನಾನು ನೋಡಿಲ್ಲ ಅಂದ್ಕೊಂಡಿದೀಯಾ? ಈಗ ನೆನಪೂ ಹೀಗಾಯ್ತು. ಇದೊಂದು ಕೆಲಸ ಹೆಂಗೋ ಮುಗಿಸು. ಆಮೇಲೆ ಈ ಮೇಜು ತೆಗೆಸ್ತೀನಿ. ಇಲ್ಲಿ ಟೈರ್ ಮಿಷನ್ ಕೂರಿಸೋಕೆ ಜಾಗ ಸರಿಯಾಗತ್ತೆ."

"ತೆಗೆಸು ನೋಡೋಣ," ಎಂದ ಮೇಸ್ತ್ರಿ. ಆದರೆ ಆ ಮಾತಿನಲ್ಲಿ ಕಸುವಿರಲಿಲ್ಲ.

ಆ ವಾರ ಮನೆಯಲ್ಲಿ ಪಾತ್ರೆಗಳು ಮಾತಾಡಿದ್ದೇ ಹೆಚ್ಚು. ಶೆಡ್ಡಿಗೂ ಮನೆಗೂ ನಡುವೆ ಹದಿನೈದು ಹೆಜ್ಜೆಯ ಅಂಗಳ. ಮೇಸ್ತ್ರಿ ಊಟಕ್ಕೆ ಬರಲಿಲ್ಲ. ಸೋಪಮ್ಮನೇ ತಟ್ಟೆ ಹಿಡಿದು ಹೋಗುತ್ತಿದ್ದಳು. "ಅಲ್ಲಿಡು," ಎನ್ನುತ್ತಿದ್ದ. ಅವಳು ಇಡುತ್ತಿದ್ದಳು. ಹೋಗುತ್ತಿರಲಿಲ್ಲ. ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಗಂಡನ ಕೆಲಸವನ್ನು ನಿಂತು ನೋಡಿದವಳಲ್ಲ. ಅವಳ ಪಾಲಿಗೆ ಅದು ಅಂಗಿಯ ಮೇಲಿನ ಕಲೆ, ಅಷ್ಟೇ. ಈಗ ನೋಡಿದಳು. ಆಯಿಲ್ ಮೀಟರಿನ ಹೊಳೆಯುವ ರಿಂಗನ್ನು ಮೇಸ್ತ್ರಿ ಬಿಚ್ಚಿದ ರೀತಿ ನೋಡಿದಳು. ತಗಡಿನ ಅಂಚು ಒಳಕ್ಕೆ ಮಡಿಚಿಕೊಂಡಿರುತ್ತದೆ. ಮೊಂಡು ಮಾಡಿದ ಸ್ಕ್ರೂಡ್ರೈವರನ್ನು ಅದರಡಿಗೆ ತೂರಿಸಿ, ಅಕ್ಕಿಕಾಳಿನಷ್ಟು ಎತ್ತಿ, ಮುಂದೆ ಸರಿದು, ಮತ್ತೆ ಅಕ್ಕಿಕಾಳಿನಷ್ಟು ಎತ್ತುತ್ತಿದ್ದ. ಒಂದು ಸುತ್ತು ಬರಲು ಅರ್ಧ ಗಂಟೆ. ರಿಂಗಿನ ಮೇಲೆ ಒಂದು ಗೀರಿಲ್ಲ. ಆಮೇಲೆ ಗಾಜು. ಆಮೇಲೆ ಅಂಕಿ ಬರೆದ ತಟ್ಟೆ. ಅದಕ್ಕೆ ಮಾತ್ರ ಒಣಗಿದ ಬ್ರಶ್ಶು, ಚಿತ್ರ ಬರೆಯುವವರದು. ನೀರಿಲ್ಲ, ಎಣ್ಣೆಯಿಲ್ಲ.

"ಸ್ವಲ್ಪ ಒದ್ದೆ ಬಟ್ಟೇಲಿ ಒರೆಸಿದ್ರೆ ಬೇಗ ಆಗತ್ತಲ್ಲ," ಎಂದಳು ತಡೆಯಲಾರದೆ.

"ಒರೆಸು. ಅಕ್ಷರ ಎಲ್ಲಾ ಬಟ್ಟೆಗೆ ಬರತ್ತೆ. ಬಟ್ಟೇನ ಕಾರಿಗೆ ಹಾಕೋಣ."

ಅದು ಆ ವಾರದ ಮೊದಲ ತಮಾಷೆ. ಸೋಪಮ್ಮ ನಗಲಿಲ್ಲ. ಅವಳ ಕಣ್ಣು ಅವನ ಬಲ ಮುಂಗೈ ಮೇಲಿತ್ತು. ಅದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದಿದ್ದ. ಒತ್ತಿ ಹಿಡಿದರೆ ನಡುಗುತ್ತಿರಲಿಲ್ಲ. ಎತ್ತಿದರೆ ನಡುಗುತ್ತಿತ್ತು. ಎಷ್ಟು ತಿಂಗಳಿಂದ ಹೀಗೆ ಒತ್ತಿ ಹಿಡಿದುಕೊಂಡೇ ಕೆಲಸ ಮಾಡುತ್ತಿದ್ದಾನೋ.

ಪೆಟ್ರೋಲ್ ಮೀಟರು ಆಯಿತು. ಬಿಸಿ ತೋರಿಸುವ ಮೀಟರು ಆಯಿತು. ಅದರ ಬಾಲದ ತಾಮ್ರದ ನಳಿಕೆ ಕೂದಲಿಗಿಂತ ಸ್ವಲ್ಪ ದಪ್ಪ, ಎಲ್ಲಾದರೂ ಮುರಿದರೆ ಮೀಟರು ಸತ್ತ ಹಾಗೆ. ಅದನ್ನು ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದ. ಗಡಿಯಾರವೂ ಆಯಿತು. ಉಳಿದದ್ದು ಒಂದೇ, ನಡುವಿನ ದೊಡ್ಡ ಮೀಟರು. ಅದರ ಹೊಟ್ಟೆ ಖಾಲಿ. ಐದು ಚಕ್ರಗಳು ಟವೆಲ್ಲಿನ ಮೇಲೆ ಸೊನ್ನೆ ತೋರಿಸುತ್ತ ಕೂತಿದ್ದವು.

ಶನಿವಾರ ಮೇಸ್ತ್ರಿ ಮನೆಗೆ ಬಂದು ಊಟಕ್ಕೆ ಕೂತ. ಅನ್ನ, ಬೇಳೆ, ಹುರಿದ ಮೊಟ್ಟೆ. ಮಗ ತುತ್ತು ಕಲಸುತ್ತಲೇ ಶುರು ಮಾಡಿದ.

"ನರ್ಸಮ್ಮ ಮುಂದಿನ ಶನಿವಾರ ಬರ್ತಾರೆ. ನಾನೊಂದು ಹೇಳ್ತೀನಿ. ಐವತ್ತೆಂಟು ಸಾವಿರ ಚಿಲ್ಲರೆ ಅಂತ ಏನಾದ್ರೂ ಇಟ್ಟುಬಿಡು. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತೆ."

"ಆಯಮ್ಮನಿಗೇ ನೆನಪಿಲ್ಲ. ನಿನಗೂ ಇಲ್ಲ. ಜಗತ್ತಲ್ಲಿ ಯಾರಿಗೂ ಗೊತ್ತಿಲ್ಲದ ನಂಬರು ಅದು. ಅದಕ್ಕೆ ಹೀಗೆ ಉಪವಾಸ ಕೂತ್ರೆ ಹೇಗೆ?"

"ಆಯಮ್ಮ ಇನ್ಮೇಲೆ ದಿನಾ ಅದನ್ನ ನೋಡ್ತಾರೆ. ನೋಡಿ ಗಂಡನ್ನ ನೆನೆಸ್ಕೋತಾರೆ. ನಾನು ಬಾಯಿಗೆ ಬಂದಿದ್ದನ್ನ ಅಲ್ಲಿ ಇಡ್ಲಾ? ನಾಚಿಕೆಯಾಗಲ್ವಾ ನಿನಗೆ?"

"ಹಾಗಾದ್ರೆ ಹೇಳಿಬಿಡು. ನಮ್ಮಮ್ಮ ತೊಳೆದ್ಲು ಅಂತ ಹೇಳು."

ಸೋಪಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಮೇಸ್ತ್ರಿ ತಟ್ಟೆ ನೋಡುತ್ತ ಹೇಳಿದ: "ಅವಳು ತೊಳೆದ್ಲು. ಮರೆತಿದ್ದು ನಾನು. ಅವಳ ಹೆಸರು ಎತ್ತಬೇಡ."

ಸೋಪಮ್ಮ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಬೇಡ ಎನ್ನದೆ ತಿಂದ.

ಸೊಸೆ ಇದನ್ನೆಲ್ಲ ಕೇಳುತ್ತ ಗೋಡೆಯ ಕಡೆ ಕೂತು ಊಟ ಮಾಡುತ್ತಿದ್ದಳು. ಅವಳು ಮನೆಗೆ ಬಂದು ನಾಲ್ಕು ವರ್ಷ. ಲಾಂಡ್ರಿಯಲ್ಲಿ ರಫೂ ಕೆಲಸ. ಇಲಿ ಕಡಿದ ಕೋಟು, ಸಿಗರೇಟು ಸುಟ್ಟ ಪ್ಯಾಂಟು ಬಂದರೆ ಅದರ ಎಳೆಗೆ ಎಳೆ ಹೆಣೆದು ತೂತು ಇತ್ತೆಂಬುದೇ ಕಾಣದ ಹಾಗೆ ಮುಚ್ಚುವುದು. ಮಾತು ಕಡಿಮೆ. ಸೋಪಮ್ಮ ಅವಳನ್ನು ನೆರೆಯವರ ಹತ್ತಿರ "ನಮ್ಮನೆ ಮೂಕ ಗಿಣಿ" ಎನ್ನುತ್ತಿದ್ದಳು, ಅವಳಿಗೆ ಕೇಳಿಸುವ ಹಾಗೆಯೇ.

ಮೂಕ ಗಿಣಿ ಕೈ ತೊಳೆದು ಬಂದು, "ಮಾವ, ನಾಳೆ ನನಗೆ ರಜ. ಆ ಚಕ್ರ ಒಂದ್ಸಲ ನೋಡಬಹುದಾ?" ಎಂದಳು.

"ನೋಡೋಕೇನಿದೆ? ಚೊಕ್ಕವಾಗಿ ತೊಳೆದಿದಾರೆ ನಿಮ್ಮತ್ತೆ," ಎಂದ ಮೇಸ್ತ್ರಿ.

ಭಾನುವಾರ ಹತ್ತು ಗಂಟೆಗೆ ಸೊಸೆ ಟವೆಲ್ಲಿನ ಸಮೇತ ಚಕ್ರಗಳನ್ನು ಶೆಡ್ಡಿನ ಬಾಗಿಲಿಗೆ ತಂದಳು. ಬಿಸಿಲು ನೇರವಾಗಿ ಬೀಳದೆ ಬೆಳಕು ಮಾತ್ರ ಬೀಳುವ ಜಾಗ ಹುಡುಕಿ, ನೆಲದ ಮೇಲೆ ಕೂತಳು. ಸರಳಿನಿಂದ ಚಕ್ರಗಳನ್ನು ಬಿಡಿಸಿದಳು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸತೊಡಗಿದಳು. ತಿರುಗಿಸಿದಳು, ತಿರುಗಿಸಿದಳು, ಸೋಪಮ್ಮ ಹಿತ್ತಲಲ್ಲಿ ಒಂದು ಬಕೆಟ್ ಬಟ್ಟೆ ಹಿಂಡಿ ಹರವಿ ಬಂದರೂ ತಿರುಗಿಸುತ್ತಲೇ ಇದ್ದಳು.

"ಕಾರು ಎಷ್ಟು ವರ್ಷ ನಿಂತಿತ್ತು ಮಾವ?"

"ಹತ್ತೊಂಬತ್ತು."

"ನೆರಳಲ್ಲಾ, ಬಿಸಿಲಲ್ಲಾ?"

"ಗೇಟಿನ ಪಕ್ಕ. ಮೇಲೆ ತಗಡು ಇತ್ತು. ಸಂಜೆ ಬಿಸಿಲು ಮಾತ್ರ ಕಿಟಕಿಯಿಂದ ಒಳಗೆ ಹೊಡೀತಿತ್ತು. ಯಾಕೆ?"

"ಅಂಗಡಿ ಗಾಜಿನ ಹಿಂದೆ ಬಟ್ಟೆ ಮಡಿಸಿ ಇಟ್ಟಿರ್ತಾರಲ್ಲ, ಅದನ್ನ ಬಿಡಿಸಿ ನೋಡಿ. ಹೊರಗಡೆ ಇದ್ದ ಪಟ್ಟಿ ಮಾಸಿರತ್ತೆ. ಮಡಿಕೆ ಒಳಗಿದ್ದಿದ್ದು ಹೊಸದರ ಹಾಗೇ ಇರತ್ತೆ. ಹತ್ತೊಂಬತ್ತು ವರ್ಷ ಈ ಚಕ್ರದಲ್ಲಿ ಒಂದೊಂದೇ ಅಂಕಿ ಹೊರಗೆ ನೋಡ್ತಾ ಇತ್ತು. ಉಳಿದ ಒಂಬತ್ತು ಒಳಗಿದ್ವು."

ಮೇಸ್ತ್ರಿ ಸ್ಟೂಲಿನಿಂದ ಎದ್ದ.

ಮಗ ಬಂದು ಬಗ್ಗಿ ನೋಡಿದ. "ಎಲ್ಲಾ ಕಪ್ಪೇ ಇದೆಯಲ್ಲ. ಅದೂ ಅಲ್ದೆ ಗಾಜು ಮಬ್ಬಾಗಿತ್ತು."

"ಮೊದಲೇ ಮಬ್ಬಾಗಿರತ್ತಾ? ಪರದೆ ಎಳೆದಿರೋ ಕಿಟಕೀಲೂ ಬಟ್ಟೆ ಮಾಸತ್ತೆ ಕಣ್ರೀ. ಕಪ್ಪು ಅಂದ್ರೆ ಒಂದೇ ಅಲ್ಲ. ಕರಿ ಕೋಟಿಗೆ ರಫೂ ಮಾಡೋದೇ ಎಲ್ಲಕ್ಕಿಂತ ಕಷ್ಟ. ನನ್ನ ಡಬ್ಬೀಲಿ ಹದಿನಾಲ್ಕು ಕಪ್ಪಿದೆ."

ಒಳಗೆ ಹೋಗಿ ದಾರದ ಡಬ್ಬಿ ತಂದಳು. ಹದಿನಾಲ್ಕು ಉಂಡೆಗಳನ್ನು ಟವೆಲ್ಲಿನ ಮೇಲೆ ಸಾಲಾಗಿಟ್ಟಳು. ಸೋಪಮ್ಮ ನೋಡಿದಳು, ಮೊದಲಿಗೆ ಹದಿನಾಲ್ಕೂ ಒಂದೇ. ನೋಡುತ್ತ ನಿಂತ ಹಾಗೆ, ಕತ್ತಲೆ ಕೋಣೆಗೆ ಕಣ್ಣು ಹೊಂದಿಕೊಂಡಂತೆ, ಒಂದರಲ್ಲಿ ನೀಲಿ ಕಂಡಿತು, ಇನ್ನೊಂದರಲ್ಲಿ ಕಂದು, ಮತ್ತೊಂದರಲ್ಲಿ ಬೂದಿ. ಈ ಹುಡುಗಿ ನಾಲ್ಕು ವರ್ಷದಿಂದ ತನ್ನ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು, ಈ ಕಣ್ಣುಗಳನ್ನು ಇಟ್ಟುಕೊಂಡು.

ಸೊಸೆ ಚಕ್ರದ ಪಕ್ಕ ಒಂದು ಎಳೆ ಇಟ್ಟಳು, ತೆಗೆದಳು, ಬೇರೆ ಎಳೆ ಇಟ್ಟಳು. ಒಂದು ಅಂಕಿಯ ಹತ್ತಿರ ಬೆರಳು ನಿಂತಿತು. "ಇಲ್ಲಿ. ನಾಲ್ಕು. ನೋಡಿ ಮಾವ, ಇದರ ಸುತ್ತ ಕಪ್ಪು ಬೂದಿಯಾಗಿದೆ. ಅಂಕಿ ಹಳದಿ ತಿರುಗಿದೆ. ಮೂರರ ಹತ್ರಾನೂ ಇಲ್ಲ, ಐದರ ಹತ್ರಾನೂ ಇಲ್ಲ."

ಮೇಸ್ತ್ರಿ ಭೂತಗನ್ನಡಿ ಹಿಡಿದು ನೋಡಿದ. ಮಗ ನೋಡಿದ.

ಆಮೇಲೆ ಒಂದು. ಆಮೇಲೆ ಏಳು. ಇನ್ನೊಂದರಲ್ಲೂ ಏಳು. ಕೊನೆಯದರಲ್ಲಿ ಆರು. ಪ್ರತಿ ಸಲವೂ ಅವಳು ಅಂಕಿ ಹೇಳಿದ ಮೇಲೆ ಮೇಸ್ತ್ರಿ ಭೂತಗನ್ನಡಿ ಹಿಡಿದು ಬಗ್ಗುತ್ತಿದ್ದ.

"ತೊಳೀದೇ ಇದ್ದಿದ್ರೆ ಇದು ಕಾಣ್ತಾನೇ ಇರಲಿಲ್ಲ ಅತ್ತೆ," ಎಂದಳು ಸೊಸೆ ತಲೆ ಎತ್ತದೆ.

"ತೊಳೀದೇ ಇದ್ದಿದ್ರೆ ಹುಡುಕೋ ಕೆಲಸಾನೇ ಇರಲಿಲ್ಲ," ಎಂದ ಮಗ. ಆಮೇಲೆ ಹಣೆ ಉಜ್ಜಿಕೊಂಡ. "ಅಂಕಿ ಐದೂ ಸಿಕ್ತು. ಆದರೆ ಯಾವುದು ಮೊದಲು, ಯಾವುದು ಕೊನೆ? ಅಮ್ಮ ಚಕ್ರ ಎಲ್ಲಾ ಕಲಸಿಬಿಟ್ಟಿದಾಳೆ. ಐದೂ ಒಂದೇ ಥರ ಇವೆ."

ಸೊಸೆ ಆಗಲೇ ಅದನ್ನೇ ಮಾಡುತ್ತಿದ್ದಳು. ದಾರದ ಬಣ್ಣ ಹೊಂದಿಸಿಕೊಳ್ಳುವವರ ಹಾಗೆ, ಹೆಚ್ಚು ಮಾಸಿದ್ದನ್ನು ಒಂದು ತುದಿಗೆ, ಕಡಿಮೆ ಮಾಸಿದ್ದನ್ನು ಇನ್ನೊಂದು ತುದಿಗೆ ಇಟ್ಟಳು. ನಡುವಿನ ಮೂರನ್ನು ಎರಡು ಮೂರು ಸಲ ಅದಲು ಬದಲು ಮಾಡಿದಳು. ಕೊನೆಗೆ ಕೈ ಹಿಂದಕ್ಕೆ ತೆಗೆದಳು. ಬೂದಿಯಿಂದ ಕಪ್ಪಿಗೆ, ಒಂದು ಮೆಟ್ಟಿಲೂ ತಪ್ಪದೆ, ಬಣ್ಣ ಇಳಿದುಕೊಂಡು ಹೋಗಿತ್ತು.

"ಬಿಸಿಲು ಒಂದೇ ಕಡೆಯಿಂದ ಬಿದ್ದಿದೆ. ಒಂದು ತುದಿ ಹೆಚ್ಚು ಕಂಡಿದೆ, ಇನ್ನೊಂದು ಕಡಿಮೆ. ಆದ್ರೆ ಯಾವ ತುದಿ ಎಡಕ್ಕೆ, ಯಾವುದು ಬಲಕ್ಕೆ ಅಂತ ನನಗೆ ಗೊತ್ತಾಗಲ್ಲ."

ಮಗ ಹೇಳಿದ, "ಡ್ರೈವರ್ ಕಿಟಕಿ ಬಲಗಡೆ. ಬಿಸಿಲು ಬಲಗಡೆಯಿಂದ ಬಂದ್ರೆ ಬಲಗಡೆ ಚಕ್ರಾನೇ ಜಾಸ್ತಿ ಮಾಸಬೇಕು. ಹಾಗಾದ್ರೆ ಎಪ್ಪತ್ತೇಳು ಸಾವಿರದ ನಾನೂರ ಹದಿನಾರು."

"ತಪ್ಪು," ಎಂದ ಮೇಸ್ತ್ರಿ. ಅವನ ಧ್ವನಿ ವಾರದಲ್ಲಿ ಮೊದಲ ಸಲ ಮೊದಲಿನ ಹಾಗಿತ್ತು. ಮೀಟರಿನ ಖಾಲಿ ಡಬ್ಬಿಯನ್ನು ತಂದು ಬಾಗಿಲಾಚೆ ಬಿಸಿಲಿಗೆ ಹಿಡಿದ. "ಅಂಕಿ ಇರೋದು ಡಬ್ಬಿಯ ಆಳದಲ್ಲಿ. ಬಲಗಡೆಯಿಂದ ಬಿಸಿಲು ಬಂದ್ರೆ ಡಬ್ಬಿಯ ಬಲ ಅಂಚಿನ ನೆರಳು ಬಲಗಡೆ ಚಕ್ರದ ಮೇಲೇ ಬೀಳತ್ತೆ. ಬೆಳಕು ಎಡಕ್ಕೆ ಬೀಳತ್ತೆ. ನೋಡು ಬೇಕಾದ್ರೆ."

ನೋಡಿದರು. ಡಬ್ಬಿಯೊಳಗೆ ಬಲಗಡೆ ಅರ್ಧಚಂದ್ರದಂಥ ನೆರಳು, ಎಡಗಡೆ ಬಿಸಿಲು. ಮೇಸ್ತ್ರಿ ಟವೆಲ್ಲನ್ನು ಹಿಡಿದು ಮೆಲ್ಲಗೆ ತಿರುಗಿಸಿದ. ಬೂದಿ ಚಕ್ರ ಎಡಕ್ಕೆ ಬಂತು.

ಆರು, ಒಂದು, ನಾಲ್ಕು, ಏಳು, ಏಳು.

ಸೋಪಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ಯಾರೋ ಎಂದೋ ಓಡಾಡಿದ ದೂರ, ತಾನು ಬ್ರಶ್ಶು ಹಾಕಿ ಉಜ್ಜಿದರೂ ಹೋಗದೆ, ಬಿಸಿಲಿನ ಕೈಯಲ್ಲಿ ಬರೆಸಿಕೊಂಡು ಅಲ್ಲೇ ಕೂತಿತ್ತು. ಕಲೆ ಎಂದರೆ ಉಜ್ಜಬೇಕು ಎಂದಷ್ಟೇ ತಿಳಿದಿದ್ದ ಹೆಂಗಸು ಅಡುಗೆಮನೆಗೆ ಹೋದಳು. ಸೊಸೆಗೆ ಚಹಾ ತಂದುಕೊಟ್ಟಳು. ಮನೆಗೆ ಬಂದ ಮೇಲೆ ಸೊಸೆಗೆ ಅವಳು ಕೈಯಾರೆ ಕೊಟ್ಟ ಮೊದಲ ಲೋಟ ಅದು. ಸೊಸೆ ಎದ್ದು ನಿಂತು ತೆಗೆದುಕೊಂಡಳು.

"ಕೂತ್ಕೋ, ಕೂತ್ಕೋ. ಸರ್ಕಾರಿ ಕಚೇರಿಯಲ್ಲ ಇದು," ಎಂದಳು ಸೋಪಮ್ಮ.

ಮುಂದಿನ ನಾಲ್ಕು ಸಂಜೆ ಸೊಸೆ ಲಾಂಡ್ರಿಯಿಂದ ನೇರ ಶೆಡ್ಡಿಗೆ ಹೋಗುತ್ತಿದ್ದಳು. ಮಗ ಗೊಣಗಿದ: "ಅಡುಗೆ ಯಾರು ಮಾಡ್ತಾರೆ?" "ನಾನು ಸತ್ತಿಲ್ಲ ಇನ್ನೂ," ಎಂದಳು ಸೋಪಮ್ಮ, "ನೀನೂ ಈರುಳ್ಳಿ ಹೆಚ್ಚಬಹುದು." ಹೆಚ್ಚಿದ, ಕಣ್ಣೀರು ಸುರಿಸಿಕೊಂಡು, ದಪ್ಪ ದಪ್ಪಗೆ.

ಗುರುವಾರ ವೇಗ ತೋರಿಸುವ ಮುಳ್ಳು ಕೂರಿಸುವ ಕೆಲಸ. ಚಕ್ರಗಳು ಒಳಗೆ ಸೇರಿದ್ದವು, ಅಂಕಿತಟ್ಟೆ ಕೂತಿತ್ತು. ಮುಳ್ಳನ್ನು ನಡುವಿನ ಕಡ್ಡಿಯ ಮೇಲೆ ಇಟ್ಟು ಒತ್ತಬೇಕು. ಹೆಚ್ಚು ಒತ್ತಿದರೆ ಹಿಂದಿನ ಕೂದಲೆಳೆಯಂಥ ಸ್ಪ್ರಿಂಗು ಹೋಯಿತು. ಮೇಸ್ತ್ರಿ ಚಿಮುಟದಲ್ಲಿ ಮುಳ್ಳು ಎತ್ತಿಕೊಂಡ. ಇಲ್ಲಿ ಮುಂಗೈ ಒತ್ತಿ ಹಿಡಿಯಲು ಮೇಜಿನ ಅಂಚಿಲ್ಲ. ಮುಳ್ಳಿನ ಕೆಂಪು ತುದಿ ಗಾಳಿಯಲ್ಲಿ ನಡುಗಿತು. ಕೆಳಗಿಟ್ಟ. ಮತ್ತೆ ಎತ್ತಿದ. ಮತ್ತೆ ಕೆಳಗಿಟ್ಟ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಸೋಪಮ್ಮ ಒಳಗೆ ಹೆಜ್ಜೆ ಇಡಲಿಲ್ಲ.

ಮೇಸ್ತ್ರಿ ಚಿಮುಟವನ್ನು ಸೊಸೆಯ ಕಡೆ ನೀಡಿದ.

"ಎಷ್ಟು ಒತ್ತಬೇಕು ಮಾವ?"

"ಸೂಜಿ ಬಟ್ಟೆಯೊಳಗೆ ಹೋಗೋವಾಗ ಒಂದು ಗಳಿಗೆ ತಡೆದು ಆಮೇಲೆ ಬಿಡತ್ತಲ್ಲ. ಅಷ್ಟು."

ಅವಳು ಒತ್ತಿದಳು. ಮುಳ್ಳು ಒಮ್ಮೆ ಬೆದರಿದಂತೆ ಅಲುಗಿ, ಸೊನ್ನೆಯ ಮೇಲೆ ಬಂದು ನಿಂತಿತು.

ಶನಿವಾರ ನರ್ಸಮ್ಮ ಬಂದರು. ಎಪ್ಪತ್ತರ ಮೇಲಿನ ಹೆಂಗಸು, ಕೈಯಲ್ಲಿ ಕೋಲು, ಕಾಲಲ್ಲಿ ಬಿಳಿ ಬೂಟು. ಮಗ ಬಾಗಿಲು ತೆರೆದ. ಡ್ರೈವರ್ ಸೀಟಿನಲ್ಲಿ ಕೂತರು. ಐದು ಮೀಟರುಗಳು ಐದು ಹೊಸ ಮುಖಗಳಂತೆ ಅವರತ್ತ ನೋಡಿದವು.

ಮಗ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಕಿಟಕಿಯ ಹತ್ತಿರ ಹೋದ. "ಅಮ್ಮಾ, ಮೊದಲು ನನ್ನ ಮಾತು ಕೇಳಿ. ನಂಬರ್ ಮುಟ್ಟಬೇಡಿ ಅಂದಿದ್ರಿ. ನನ್ನ ಮೇಜಿನಿಂದಾನೇ ಅದು ಅಳಿಸಿಹೋಯ್ತು. ನೋಡಿದ್ದು ನಾನೊಬ್ಬನೇ, ನಾನು ಮರೆತೆ. ಈಗ ಅಲ್ಲಿರೋದು ನನ್ನ ಸೊಸೆ ಬಣ್ಣ ನೋಡಿ ಹುಡುಕಿದ್ದು. ಸರಿ ಅಂತ ನಾವಂದ್ಕೊಂಡಿದೀವಿ. ಆಣೆ ಮಾಡಿ ಹೇಳೋಕಾಗಲ್ಲ."

ನರ್ಸಮ್ಮ ಅವನನ್ನು ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು. ಬೆರಳನ್ನು ಗಾಜಿನ ಮೇಲೆ ಇಟ್ಟರು.

"ಎರಡು ಏಳು," ಎಂದರು.

ಮೇಸ್ತ್ರಿ ಕಿಟಕಿಯ ಅಂಚು ಹಿಡಿದುಕೊಂಡ.

"ಕೊನೇ ದಿನ ಗೇಟಿಗೆ ಬಂದು ನಿಲ್ಲಿಸಿದಾಗ ಎಪ್ಪತ್ತಾರು ಇತ್ತು. ಇನ್ನೊಂದೇ ಕಿಲೋಮೀಟರ್ ಓಡಿದ್ರೆ ಜೋಡಿಯಾಗತ್ತೆ ಅಂತ ಇಡೀ ಬೀದಿ ಇನ್ನೊಂದು ಸುತ್ತು ಹೊಡೆದ್ರು ಆ ಮನುಷ್ಯ. ಹಾಲು ಕೆಡತ್ತೆ, ಇಳೀರಿ ಅಂತ ನಾನು ಬೈದೆ." ಬೆರಳನ್ನು ಕೊನೆಯ ಏಳರ ಮೇಲೆ ಸರಿಸಿದರು. "ಇದು ನನಗೆ ನೆನಪಿದೆ ಅಂತ ನನಗೇ ಗೊತ್ತಿರಲಿಲ್ಲ ಮೇಸ್ತ್ರಿ."

ಸೊಸೆ ಕಾರಿನ ಹಿಂದೆ ನಿಂತಿದ್ದಳು. ಸೋಪಮ್ಮ ಅವಳ ಕೈ ಹುಡುಕಿ ಹಿಡಿದುಕೊಂಡಳು. ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಮರದಷ್ಟು ಗಟ್ಟಿಯಾಗಿದ್ದವು.

ಕಾರು ಹೋಯಿತು. ಹೊಗೆ ಅಡಗುವವರೆಗೂ ಮಗ ಅತ್ತ ಇತ್ತ ಕಾಲು ಬದಲಿಸುತ್ತ ನಿಂತ. ಆಮೇಲೆ ಹೇಳಿದ: "ಅಪ್ಪಾ, ಟೈರ್ ಮಿಷನ್‌ನವನಿಗೆ ಬೇಡ ಅಂತ ಹೇಳ್ತೀನಿ. ಮೇಜು ಇರ್ಲಿ."

"ಇರ್ಲಿ," ಎಂದ ಮೇಸ್ತ್ರಿ. "ನನಗೋಸ್ಕರ ಬೇಡ. ಇವಳು ಲಾಂಡ್ರಿ ಬಿಡ್ತಾಳಾ ಕೇಳು."

"ನೀನು?"

"ಹತ್ತೊಂಬತ್ತು ವರ್ಷದ ಹಿಂದಿನ ಒಂದು ಸುತ್ತು ಆಯಮ್ಮನಿಗೆ ನೆನಪಿದೆ. ನನಗೆ ಮೂರು ದಿನದ ಹಿಂದೆ ನೋಡಿದ್ದು ನೆನಪಿರಲಿಲ್ಲ. ಬರೆದಿಟ್ಟುಕೊಂಡು ಕೆಲಸ ಮಾಡೋದು ನನಗೆ ಬರಲ್ಲ."

"ಮಾವ, ರಿಂಗ್ ಬಿಚ್ಚೋದು ನನಗಿನ್ನೂ ಸರಿಯಾಗಿ ಬರಲ್ಲ," ಎಂದಳು ಸೊಸೆ.

"ನಾಲ್ಕು ರಿಂಗ್ ಹಾಳು ಮಾಡು. ಐದನೇದು ಬರತ್ತೆ."

ಮೇಸ್ತ್ರಿ ಕೈಗಳನ್ನು ಹತ್ತಿಯ ಉಂಡೆಯಲ್ಲಿ ಒಂದೊಂದೇ ಬೆರಳಾಗಿ ಒರೆಸಿಕೊಂಡ. "ರೀ, ಚಹಾ ಇಲ್ಲಿಗೇ ತರ್ತಾ ಇದ್ದೆ," ಎಂದಳು ಸೋಪಮ್ಮ. "ಮನೇಲಿ ಕುಡೀತೀನಿ," ಎಂದ. ಚಪ್ಪಲಿ ಮೆಟ್ಟಿಕೊಂಡು, ತಲೆ ತಗ್ಗಿಸದೆ, ಅಂಗಳದ ಹದಿನೈದು ಹೆಜ್ಜೆ ನಡೆದು ಹೋದ. ಆಮೇಲೆ ಅವನು ಬಾಗಿಲಲ್ಲಿ ಕೂತು ಪೇಪರು ಓದಿದ, ಸೋಪಮ್ಮನಿಗೆ ಬಟ್ಟೆ ಹರವಿಕೊಟ್ಟ, ಮಗ ಹೆಚ್ಚಿದ ದಪ್ಪ ಈರುಳ್ಳಿಗೆ ಹೆಸರಿಟ್ಟ. ಸೊಸೆ ಸಂಜೆ ಶೆಡ್ಡಿನಿಂದ ಬಂದು ಕೇಳಿದ್ದಕ್ಕೆಲ್ಲ ಕೂತಲ್ಲೇ ಉತ್ತರ ಹೇಳಿದ. ಶೆಡ್ಡಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.